ಜೊಲೊಫ್‌ನ ಹುಡುಗಿ, ಫ್ಲಾರಿಡಾದ ವಿಧವೆ

1846ನೇ ಇಸವಿ. ಫ್ಲಾರಿಡಾ ಅಮೆರಿಕದ ಒಂದು ರಾಜ್ಯವಾಗಿ ವರ್ಷವಾಗಿದೆಯಷ್ಟೆ. ಅಲ್ಲಿನ ಡುವಾಲ್ ಕೌಂಟಿಯ ನ್ಯಾಯಾಲಯದಲ್ಲಿ ಒಂದು ಉಯಿಲಿನ ಜಗಳ. ತೋಟಗಳ ಯಜಮಾನನೊಬ್ಬ ಸತ್ತಿದ್ದಾನೆ. ಆಸ್ತಿಯನ್ನು ಹೆಂಡತಿ ಮಕ್ಕಳಿಗೆ ಬರೆದಿಟ್ಟಿದ್ದಾನೆ. ಈ ಉಯಿಲು ಊರ್ಜಿತವಲ್ಲ, ಇವರಿಗೆ ಬಿಡಿಗಾಸೂ ಸಲ್ಲದು ಎಂದು ಅವನ ತಂಗಿ ದಾವೆ ಹೂಡಿದ್ದಾಳೆ. ಇಲ್ಲಿಯವರೆಗೆ ಇದು ನಮ್ಮ ಯಾವ ತಾಲೂಕು ಕೋರ್ಟಿನ ಜಗಲಿಯಲ್ಲಾದರೂ ಕಿವಿಗೆ ಬೀಳುವ ದಾಯಾದಿ ಕತೆಯೇ. ಈಗ ಕೇಳಿ: ಆ ವಿಧವೆ ಕಪ್ಪು ಹೆಂಗಸು. ಆಫ್ರಿಕಾದಲ್ಲಿ ಹುಟ್ಟಿದವಳು. ಹದಿಮೂರರ ವಯಸ್ಸಿನಲ್ಲಿ ಗುಲಾಮಳಾಗಿ ಮಾರಾಟವಾದವಳು. ಅವಳನ್ನು ಕೊಂಡವನು ಇದೇ ಗಂಡ! ಕಪ್ಪು ಜನರನ್ನು ಎತ್ತು, ಕುದುರೆ, ನೇಗಿಲುಗಳ ಜೊತೆ ಒಂದೇ ಪಟ್ಟಿಗೆ ಸೇರಿಸಿ ಬೆಲೆ ಕಟ್ಟುತ್ತಿದ್ದ ನಾಡಿನಲ್ಲಿ ಆ ಹೆಂಗಸು ಬಿಳಿಯ ನಾದಿನಿಯನ್ನು ಎದುರಿಸಿ ನಿಂತಳು. ಗೆದ್ದಳು ಕೂಡ.

ಅವಳ ಹೆಸರು ಆನಾ ಮ್ಯಾಡ್ಜಿಜಿನ್ ಜಾಯ್ ಕಿಂಗ್ಸ್ಲಿ. ಈ ಹೆಸರನ್ನು ಒಮ್ಮೆ ಹಿಡಿದರೆ ಮುಗಿಯಿತು, ಬಿಡಿಸಿಕೊಳ್ಳುವುದು ಕಷ್ಟ. ಒಂದು ಎಳೆ ಸೆನೆಗಲ್‌ನ ರಾಜವಂಶಕ್ಕೆ ಹೋಗುತ್ತದೆ. ಇನ್ನೊಂದು ಪ್ಯಾರಿಸ್‌ನ ಮ್ಯೂಸಿಯಂ ಗೋಡೆಗೆ. ಮತ್ತೊಂದು ಏಳಡಿ ಉದ್ದದ ಜಡೆ ಬಿಟ್ಟುಕೊಂಡು ಕಡಲ ದಂಡೆಯಲ್ಲಿ ವಾಸಿಸುತ್ತಿದ್ದ ಆಪೆರಾ ಗಾಯಕಿಯೊಬ್ಬಳಿಗೆ. ಕಾದಂಬರಿಕಾರ ಹೀಗೆ ಬರೆದಿದ್ದರೆ, ಸ್ವಲ್ಪ ಅತಿಯಾಯಿತು ಮಾರಾಯ, ಎಂದು ಹಸ್ತಪ್ರತಿಯನ್ನು ಹಿಂದಕ್ಕೆ ಕೊಡುತ್ತಿದ್ದೆವು.

ಮೊದಲು ಹಿಂದಕ್ಕೆ ಹೋಗೋಣ. ಹೆಸರಿನ ಕೊನೆಯ ಕಿಂಗ್ಸ್ಲಿ ಗಂಡನದು. ಮೊದಲಿನ ಆನಾ ಎಂಬುದು ಸ್ಪೇನಿನ ಗುಮಾಸ್ತರು ಬರೆದುಕೊಂಡದ್ದು. ಉಳಿದದ್ದು ನಡುವಿನ ಎರಡು ತುಣುಕು, ಮ್ಯಾಡ್ಜಿಜಿನ್ ಮತ್ತು ಜಾಯ್. ಫ್ಲಾರಿಡಾದ ಇತಿಹಾಸಕಾರ ಡೇನಿಯಲ್ ಶೇಫರ್ ಈ ತುಣುಕುಗಳನ್ನು ಜೋಪಾನವಾಗಿ ಹಿಡಿದುಕೊಂಡು ಅಟ್ಲಾಂಟಿಕ್ ದಾಟಿ ಸೆನೆಗಲ್‌ವರೆಗೆ ಜಾಡು ಹಿಡಿದರು. ಅಲ್ಲಿನ ವೊಲೊಫ್ ಜನರಿಗೆ ಆ ಹೆಸರಿನಲ್ಲಿ ಯಾವ ಗೂಢವೂ ಇಲ್ಲ: ಆಂತಾ ಮಜಿಗೀನ್ ಎನ್‌ಜಾಯ್. ಮಜಿಗೀನ್ ತಾಯಿಯ ಹೆಸರು, ಎನ್‌ಜಾಯ್ ತಂದೆಯ ಕುಲ. ನೋಡಿ, ಮನುಷ್ಯಳೊಬ್ಬಳಿಂದ ಊರು, ಭಾಷೆ, ದೇವರು, ಬಟ್ಟೆ ಎಲ್ಲವನ್ನೂ ಕಿತ್ತುಕೊಂಡ ಮೇಲೂ ಅಪ್ಪ ಅಮ್ಮ ಇಬ್ಬರೂ ಹೆಸರಿನೊಳಗೆ ಕುಳಿತು ಸಮುದ್ರ ದಾಟಿದ್ದಾರೆ!

ಎನ್‌ಜಾಯ್ ಸಾಮಾನ್ಯ ಕುಲವೂ ಅಲ್ಲ. ಜೊಲೊಫ್ ರಾಜ್ಯವನ್ನು ಕಟ್ಟಿದನೆಂದು ಐತಿಹ್ಯ ಹೇಳುವ ಎನ್‌ಜಾಜಾನ್ ಎನ್‌ಜಾಯ್‌ನ ಸಂತತಿ ಅದು. ಜೊಲೊಫ್ ಅರಸರು ಆ ಕುಲದಿಂದ ಬಂದವರು. ನಮ್ಮ ಉತ್ತರ ಕರ್ನಾಟಕದಲ್ಲಿ ಹೆಳವರು ಎತ್ತಿನ ಮೇಲೆ ಕುಳಿತು ಮನೆಮುಂದೆ ಬಂದು ತಲೆಮಾರುಗಳ ಹೆಸರನ್ನು ಒಂದೇ ಉಸಿರಿಗೆ ಹೇಳುತ್ತಾರಲ್ಲ, ಹಾಗೆ ವೊಲೊಫರಲ್ಲಿ ಗೆವೆಲ್ ಎಂಬ ವಂಶಗಾಯಕರಿದ್ದಾರೆ; ಅರಸುಮನೆಗಳ ಪೀಳಿಗೆಗಳು ಅವರ ನಾಲಿಗೆಯ ಮೇಲೆ ಉಳಿದು ಬಂದಿವೆ. ಹಾಗಾಗಿಯೇ ಫ್ಲಾರಿಡಾದ ಪ್ರವಾಸಿ ಕತೆಗಳಲ್ಲಿ ಆನಾ ‘ಆಫ್ರಿಕದ ರಾಜಕುಮಾರಿ’. ನನಗೆ ಆ ಬಿರುದಿನ ಮೇಲೆ ಅಷ್ಟು ನಂಬಿಕೆಯಿಲ್ಲ. ದೊಡ್ಡ ಕುಲದಲ್ಲಿ ಹುಟ್ಟಿದವರೆಲ್ಲ ಅರಮನೆಯಲ್ಲಿ ಹುಟ್ಟಿದವರಲ್ಲ. ಆದರೆ ಒಂದು ಮಾತು ನಿಜ: ಜೊಲೊಫ್ ಸಮಾಜದಲ್ಲಿ ಗುಲಾಮಗಿರಿ ಹೊಸದಲ್ಲ, ದೊಡ್ಡ ಮನೆಗಳಲ್ಲಿ ಆಳುಗಳಿದ್ದರು. ಒಡೆಯರೂ ಆಳುಗಳೂ ಇರುವ ಲೋಕವನ್ನು ಆ ಹುಡುಗಿ ಹಡಗು ಹತ್ತುವ ಮೊದಲೇ ಕಂಡಿದ್ದಳು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

1806. ಕ್ಯೂಬಾದ ಹವಾನಾ ಬಂದರು. ಅಲ್ಲಿ ಕೊಳ್ಳುವವನಾಗಿ ನಿಂತಿದ್ದವನು ಝೆಫನಾಯ ಕಿಂಗ್ಸ್ಲಿ, ನಲವತ್ತು ದಾಟಿದ ವ್ಯಾಪಾರಿ, ಸ್ವತಃ ಗುಲಾಮರನ್ನು ಸಾಗಿಸುವ ಹಡಗುಗಳ ಒಡೆಯ. ಇವನ ಜಾತಕವೂ ವಿಚಿತ್ರವೇ. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಹುಟ್ಟಿ, ದಕ್ಷಿಣ ಕೆರೊಲಿನಾದ ಚಾರ್ಲ್ಸ್‌ಟನ್‌ನಲ್ಲಿ ಬೆಳೆದ. ಅಪ್ಪ ಬ್ರಿಟಿಷ್ ದೊರೆಯ ಪಕ್ಷದವನು. ಅಮೆರಿಕ ಸ್ವತಂತ್ರವಾದಾಗ ಆಸ್ತಿ ಕಳೆದುಕೊಂಡು ಕೆನಡಾದ ಕಡೆಗೆ ಓಡಿದ. ಮಗ ವ್ಯಾಪಾರಕ್ಕೆ ಅನುಕೂಲವೆಂದು ಒಮ್ಮೆ ಡೆನ್ಮಾರ್ಕಿಗೆ, ಆಮೇಲೆ 1803ರಲ್ಲಿ ಸ್ಪೇನಿಗೆ ನಿಷ್ಠೆಯ ಪ್ರಮಾಣ ಮಾಡಿದ. ಆಗ ಫ್ಲಾರಿಡಾ ಸ್ಪೇನಿನ ವಸಾಹತು. ಸೇಂಟ್ ಜಾನ್ಸ್ ನದಿಯ ದಡದಲ್ಲಿ ಲಾರೆಲ್ ಗ್ರೋವ್ ಎಂಬ ತೋಟ ಕಟ್ಟಿ ಹತ್ತಿ, ಕಿತ್ತಳೆ ಬೆಳೆಯತೊಡಗಿದ್ದ.

1806ರ ಅಕ್ಟೋಬರಿನಲ್ಲಿ ಎಸ್ತರ್ ಎಂಬ ಹಾಯಿಹಡಗು ಹವಾನಾದಿಂದ ಫ್ಲಾರಿಡಾದ ಸೇಂಟ್ ಆಗಸ್ಟೀನ್‌ಗೆ ಬಂತು. ಕಿಂಗ್ಸ್ಲಿಯ ಸರಕಿನ ಜೊತೆ, ಆಫ್ರಿಕದಿಂದ ಹೊಸದಾಗಿ ಬಂದ ಮೂವರು ಹೆಣ್ಣುಮಕ್ಕಳು. ಅವರಲ್ಲೊಬ್ಬಳು ಆಂತಾ ಎಂದು ಶೇಫರ್ ಗುರುತಿಸುತ್ತಾರೆ.

ಈಗ ಒಂದು ಕಾಗದ. ದಿನಾಂಕ 1811ರ ಮಾರ್ಚ್ 1. ಕಿಂಗ್ಸ್ಲಿ ಸ್ಪೇನಿನ ಅಧಿಕಾರಿಯ ಮುಂದೆ ಬರೆಸಿದ ಬಿಡುಗಡೆ ಪತ್ರ. ಆನಾ, ಸುಮಾರು ಹದಿನೆಂಟು ವರ್ಷ. ಅವಳ ಮಕ್ಕಳು: ಜಾರ್ಜ್, ಮೂರು ವರ್ಷ ಒಂಬತ್ತು ತಿಂಗಳು, ಮಾರ್ತಾ, ಇಪ್ಪತ್ತು ತಿಂಗಳು, ಮೇರಿ, ಒಂದು ತಿಂಗಳ ಕೂಸು. ಈ ಮಕ್ಕಳು ತನ್ನವೇ ಎಂದು ಅವನು ಒಪ್ಪಿಕೊಳ್ಳುತ್ತಾನೆ. ನಾಲ್ವರೂ ಇಂದಿನಿಂದ ಸ್ವತಂತ್ರರು.

ಓದುತ್ತಾ ಮೈ ಜುಮ್ಮೆನ್ನುತ್ತದೆ. ಮರುಕ್ಷಣವೇ ಬೆರಳುಗಳು ತಾವಾಗಿಯೇ ಲೆಕ್ಕ ಹಾಕತೊಡಗುತ್ತವೆ. ಮೂರು ವರ್ಷ ಒಂಬತ್ತು ತಿಂಗಳು ಎಂದರೆ ಜಾರ್ಜ್ ಹುಟ್ಟಿದ್ದು 1807ರ ಜೂನ್. ಇನ್ನೂ ಒಂಬತ್ತು ತಿಂಗಳು ಹಿಂದಕ್ಕೆ ಹೋದರೆ 1806ರ ಸೆಪ್ಟೆಂಬರ್ ಆಸುಪಾಸು. ಎಸ್ತರ್ ಹಡಗು ಸೇಂಟ್ ಆಗಸ್ಟೀನ್ ಮುಟ್ಟುವಾಗಲೇ ಆ ಹದಿಮೂರರ ಹುಡುಗಿ ಬಸುರಿ. ‘ಮದುವೆ’ ಎಂದು ಕಿಂಗ್ಸ್ಲಿ ಆಮೇಲೆ ಜೀವನಪೂರ್ತಿ ಕರೆದದ್ದು ಶುರುವಾದದ್ದು ಹೀಗೆ. ವಂಶವೃಕ್ಷ ಬರೆಯುವವರು ಎರಡು ಹೆಸರಿನ ನಡುವೆ ಒಂದು ಗೆರೆ ಎಳೆದು ಮುಂದೆ ಹೋಗುತ್ತಾರೆ. ಈ ಗೆರೆಯನ್ನು ಮಾತ್ರ ಅಷ್ಟು ಸಲೀಸಾಗಿ ಎಳೆಯಲು ಕೈ ಬರುವುದಿಲ್ಲ.

ಇಷ್ಟು ಸಣ್ಣ ವಿವರದ ಕಾಗದ ಉಳಿದದ್ದಾದರೂ ಹೇಗೆ? ಅದೂ ಒಂದು ಪವಾಡವೇ. 1821ರಲ್ಲಿ ಸ್ಪೇನ್ ಫ್ಲಾರಿಡಾವನ್ನು ಅಮೆರಿಕಕ್ಕೆ ಒಪ್ಪಿಸಿ ಹೊರಡುವಾಗ ತನ್ನ ದಫ್ತರವನ್ನೆಲ್ಲ ಕಟ್ಟಿಕೊಂಡು ಹೋಗಲು ನೋಡಿತು. ಜಮೀನಿನ ಹಕ್ಕುಪತ್ರಗಳು ಹೋದರೆ ಗತಿಯೇನು ಎಂದು ಅಮೆರಿಕದ ಅಧಿಕಾರಿಗಳು ಅದನ್ನು ಜಪ್ತಿ ಮಾಡಿದರು. ಆ ಕಟ್ಟುಗಳೇ ಇಂದು ವಾಷಿಂಗ್ಟನ್‌ನ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿರುವ ಪೂರ್ವ ಫ್ಲಾರಿಡಾ ಕಾಗದಪತ್ರಗಳು. ಹೊಲಗದ್ದೆಯ ದುರಾಸೆಗೆ ಹಿಡಿದಿಟ್ಟ ದಫ್ತರದೊಳಗೆ ಒಂದು ತಿಂಗಳ ಕೂಸು ಮೇರಿಯೂ ಉಳಿದುಕೊಂಡಳು. ಈ ಮೇರಿಯನ್ನು ಮರೆಯಬೇಡಿ, ಕತೆಯ ಅರ್ಧ ಭಾರ ಅವಳ ಮೇಲಿದೆ.

ಸ್ಪೇನಿನ ಕಾನೂನಿನಲ್ಲಿ ಗುಲಾಮರಿಗೆ ಬಿಡುಗಡೆಯ ಬಾಗಿಲುಗಳಿದ್ದವು. ತನ್ನನ್ನು ತಾನೇ ಕೊಂಡುಕೊಳ್ಳಬಹುದಿತ್ತು. ಬಿಡುಗಡೆಯಾದ ಮೇಲೆ ಜಮೀನು ಹೊಂದಬಹುದಿತ್ತು, ಕೋರ್ಟಿಗೆ ಹೋಗಬಹುದಿತ್ತು. ಆನಾ ಒಂದು ಗಳಿಗೆಯನ್ನೂ ವ್ಯರ್ಥ ಮಾಡಲಿಲ್ಲ. ಬಿಡುಗಡೆಯಾದ ಮರುವರ್ಷವೇ ಸರ್ಕಾರಕ್ಕೆ ಅರ್ಜಿ ಹಾಕಿ, ಲಾರೆಲ್ ಗ್ರೋವ್‌ಗೆ ಎದುರಾಗಿ ನದಿಯ ಆಚೆ ದಡದಲ್ಲಿ ಐದು ಎಕರೆ ಪಡೆದಳು. ಗಂಡನ ಮನೆಯಲ್ಲಿ ಕೂರದೆ ತನ್ನದೇ ಮನೆ ಕಟ್ಟಿದಳು, ಜಮೀನು ಹಸನು ಮಾಡಿಸಿದಳು. ಮಾಡಿಸಿದ್ದು ಯಾರಿಂದ? ತಾನು ಕೊಂಡ ಹನ್ನೆರಡು ಗುಲಾಮರಿಂದ.

ಹೌದು. ಹನ್ನೆರಡು.

ಇಲ್ಲಿ ಓದುಗನ ಉಸಿರು ಸಿಕ್ಕಿಕೊಳ್ಳುತ್ತದೆ. ನಮಗೆ ಬೇಕಾದ ನಾಯಕಿ ಕೈಗೆ ಸಿಕ್ಕಳು ಎನ್ನುವಷ್ಟರಲ್ಲಿ ಅವಳು ನುಣುಚಿಕೊಂಡು ಆಚೆ ದಡದಲ್ಲಿ ನಿಂತಿರುತ್ತಾಳೆ. ಅವಳನ್ನು ಸಮರ್ಥಿಸಲು ಹೊರಡುವವರಿದ್ದಾರೆ, ಆ ಕಾಲವೇ ಹಾಗಿತ್ತು ಎಂದು. ನನಗೆ ಆ ವಕಾಲತ್ತು ಬೇಡ. ಹಡಗಿನ ತಳ ಹೇಗಿರುತ್ತದೆಂದು ಆ ಹನ್ನೆರಡು ಜನರಿಗೆ ಗೊತ್ತಿದ್ದಷ್ಟೇ ಅವಳಿಗೂ ಗೊತ್ತಿತ್ತು.

1813ರ ನವೆಂಬರ್. ಸ್ಪೇನನ್ನು ಓಡಿಸಿ ಫ್ಲಾರಿಡಾವನ್ನು ಅಮೆರಿಕಕ್ಕೆ ಸೇರಿಸುತ್ತೇವೆಂದು ಹೊರಟ ಬಂಡುಕೋರರ ಪಡೆ ತೋಟಗಳನ್ನು ಲೂಟಿ ಮಾಡುತ್ತಾ ಬರುತ್ತಿದೆ. ತಮ್ಮನ್ನು ‘ದೇಶಭಕ್ತರು’ ಎಂದು ಕರೆದುಕೊಂಡ ಇವರು ಸ್ವತಂತ್ರ ಕಪ್ಪು ಜನರನ್ನೂ ಹಿಡಿದು ಮತ್ತೆ ಗುಲಾಮರಾಗಿ ಮಾರುತ್ತಿದ್ದರು. ಆನಾಳ ಕೊರಳಲ್ಲಿ ಸ್ವಾತಂತ್ರ್ಯ ಪತ್ರ ತೂಗುಹಾಕಿದ್ದರೂ ಅವರಿಗೆ ಅದು ಬರೀ ಕಾಗದ. ನದಿಯಲ್ಲಿ ಸ್ಪೇನಿನ ಒಂದು ತೋಪುದೋಣಿ ಬಂತು. ಇಪ್ಪತ್ತರ ಆಸುಪಾಸಿನ ಈ ಹೆಂಗಸು ತನ್ನ ಮಕ್ಕಳನ್ನೂ ಆಳುಗಳನ್ನೂ ಅದಕ್ಕೆ ಹತ್ತಿಸಿದಳು. ಆಮೇಲೆ ವಾಪಸು ಹೋಗಿ ಲಾರೆಲ್ ಗ್ರೋವ್‌ಗೆ ಬೆಂಕಿ ಇಟ್ಟಳು. ಅಲ್ಲಿಂದ ನದಿ ದಾಟಿ, ತಾನೇ ಕಟ್ಟಿಸಿದ ಮನೆಗೂ ಬೆಂಕಿ ಇಟ್ಟಳು! ಶತ್ರುವಿಗೆ ತಂಗಲು ಸೂರು, ತಿನ್ನಲು ಕಾಳು ಸಿಗಬಾರದು. ದೋಣಿಯ ಕಮಾಂಡರ್ ಬೆರಗಾಗಿ ಮೇಲಧಿಕಾರಿಗಳಿಗೆ ಹೊಗಳಿ ಬರೆದ. ಸರ್ಕಾರ ಸುಟ್ಟ ಐದು ಎಕರೆಗೆ ಬದಲಾಗಿ 350 ಎಕರೆ ಇನಾಮು ಕೊಟ್ಟಿತು.

ಮುಂದಿನ ಅಧ್ಯಾಯ ಫೋರ್ಟ್ ಜಾರ್ಜ್ ದ್ವೀಪ. ನದಿ ಕಡಲು ಸೇರುವಲ್ಲಿ ಜೌಗಿನ ನಡುವಿನ ಭೂಮಿ. 1814ರಲ್ಲಿ ಕುಟುಂಬ ಅಲ್ಲಿಗೆ ಹೋಯಿತು. ಆ ದೊಡ್ಡ ಮನೆ ಕಟ್ಟಿದ್ದು 1798ರಲ್ಲಿ, ಇಂದಿಗೂ ನಿಂತಿದೆ. ಈಗ ಅದು ರಾಷ್ಟ್ರೀಯ ಉದ್ಯಾನ ಇಲಾಖೆಯ ಸುಪರ್ದಿಯಲ್ಲಿ. ದೊಡ್ಡ ಮನೆಯಲ್ಲಿ ಝೆಫನಾಯ, ಪಕ್ಕದಲ್ಲಿ ಅಡುಗೆಮನೆಯ ಮೇಲ್ಮಹಡಿಯಲ್ಲಿ ಆನಾ ಮತ್ತು ಮಕ್ಕಳು. ಕಿಂಗ್ಸ್ಲಿಗೆ ಇನ್ನೂ ಹೆಂಡಿರಿದ್ದರು, ಫ್ಲೋರಾ, ಸಾರಾ, ಎಲ್ಲರೂ ಒಂದು ಕಾಲದಲ್ಲಿ ಅವನ ಗುಲಾಮರು. ಆನಾ ಹಿರಿಯವಳು, ಯಜಮಾನಿತಿ. ಗಂಡ ವ್ಯಾಪಾರಕ್ಕೆ ಹೋದಾಗ ತೋಟ ಅವಳ ಕೈಯಲ್ಲಿ. 1842ರಲ್ಲಿ ನ್ಯೂಯಾರ್ಕಿನಲ್ಲಿ ಗುಲಾಮಗಿರಿ ವಿರೋಧಿ ಲೇಖಕಿ ಲಿಡಿಯಾ ಮರಾಯಾ ಚೈಲ್ಡ್ ಈ ಮುದುಕನನ್ನು ಕೂರಿಸಿಕೊಂಡು ಪ್ರಶ್ನೆ ಮಾಡಿದಳು. ಅವಳು ಎತ್ತರದ ಸುಂದರಿ, ತೋಟದ ಕಾರುಬಾರನ್ನು ನನ್ನಷ್ಟೇ ಚೆನ್ನಾಗಿ ನೋಡಿಕೊಳ್ಳಬಲ್ಲಳು ಎಂದು ಅವನು ಹೆಮ್ಮೆಯಿಂದ ಹೇಳಿಕೊಂಡ.

ದೊಡ್ಡ ಮನೆಯಿಂದ ತುಸು ದೂರದಲ್ಲಿ ಗುಲಾಮರ ಗುಡಿಸಲುಗಳು, ಒಟ್ಟು ಮೂವತ್ತೆರಡು. ಕಪ್ಪೆಚಿಪ್ಪು ಸುಟ್ಟ ಸುಣ್ಣ, ಮರಳು, ಚಿಪ್ಪಿನ ಚೂರು ಕಲಸಿ ಎರಕ ಹೊಯ್ದ ಗೋಡೆಗಳು. ಬೇರೆ ತೋಟಗಳಲ್ಲಿ ಇವು ನೇರ ಸಾಲಿನಲ್ಲಿರುತ್ತವೆ. ಇಲ್ಲಿ ಮಾತ್ರ ಬಿಲ್ಲಿನಂತೆ ಬಾಗಿದ ಅರ್ಧವೃತ್ತ. ಪಶ್ಚಿಮ ಆಫ್ರಿಕದ ಹಳ್ಳಿಗಳ ವಿನ್ಯಾಸ ಆನಾಳ ಮೂಲಕ ಇಲ್ಲಿಗೆ ಬಂದಿರಬಹುದೇ ಎಂದು ಶೇಫರ್ ಕೇಳುತ್ತಾರೆ. ಇರಬಹುದು. ತವರಿನ ನಕ್ಷೆಯ ಮೇಲೆ ಗುಲಾಮರ ಕೇರಿ!

1821ರಲ್ಲಿ ಅಮೆರಿಕದ ಬಾವುಟ ಏರಿತು. ಸ್ಪೇನಿನ ಕಾನೂನಿನ ಬಾಗಿಲುಗಳು ಒಂದೊಂದಾಗಿ ಮುಚ್ಚಿಕೊಂಡವು. ಕಪ್ಪು ಬಿಳಿ ಮದುವೆ ನಿಷಿದ್ಧವಾಯಿತು, ಗುಲಾಮರನ್ನು ಬಿಡುಗಡೆ ಮಾಡುವುದು ದುಬಾರಿಯಾಯಿತು, ಸ್ವತಂತ್ರ ಕಪ್ಪು ಜನರ ಹಕ್ಕುಗಳು ಕರಗಿದವು. ಕಿಂಗ್ಸ್ಲಿ ಸಿಡಿದೆದ್ದು 1828ರಲ್ಲಿ ಪುಸ್ತಕವನ್ನೇ ಬರೆದ. ಅದನ್ನು ಓದಿದರೆ ತಲೆ ಗಿರ್ರೆನ್ನುತ್ತದೆ: ಬಣ್ಣದ ಮೇಲೆ ಮನುಷ್ಯರನ್ನು ಅಳೆಯಬೇಡಿ, ಸ್ವತಂತ್ರ ಕಪ್ಪು ಜನರಿಗೆ ಪೂರ್ಣ ಹಕ್ಕು ಕೊಡಿ, ಆದರೆ ಗುಲಾಮಗಿರಿ ಮಾತ್ರ ಇರಲಿ! ಯಾರೂ ಕಿವಿಗೊಡಲಿಲ್ಲ. ಕೊನೆಗೆ ಅವನು ಕುಟುಂಬವನ್ನು ಹೈಟಿಗೆ ಸಾಗಿಸಿದ. ಗುಲಾಮರೇ ದಂಗೆಯೆದ್ದು 1804ರಲ್ಲಿ ಸ್ವತಂತ್ರ ಮಾಡಿಕೊಂಡ ನಾಡು ಅದು. ಆಗ ಇಡೀ ದ್ವೀಪ ಅದರ ಆಳ್ವಿಕೆಯಲ್ಲಿತ್ತು. ಉತ್ತರ ಕರಾವಳಿಯ ಪ್ವೆರ್ಟೊ ಪ್ಲಾಟಾ ಬಳಿ ಮಯೊರಾಸ್ಗೊ ದೆ ಕೊಕಾ ಎಂಬ ಎಸ್ಟೇಟು ಎದ್ದಿತು. ಆ ಜಾಗ ಈಗ ಡೊಮಿನಿಕನ್ ಗಣರಾಜ್ಯದಲ್ಲಿದೆ. ಹೈಟಿಯ ನೆಲದಲ್ಲಿ ಗುಲಾಮಗಿರಿಗೆ ಎಡೆಯಿಲ್ಲ, ಹಾಗಾಗಿ ಕರೆದೊಯ್ದ ಆಳುಗಳು ಕರಾರಿನ ಕೂಲಿಗಳಾದರು. ಆನಾ ಮತ್ತು ಗಂಡುಮಕ್ಕಳಾದ ಜಾರ್ಜ್, ಜಾನ್ ಮ್ಯಾಕ್ಸ್‌ವೆಲ್ ಅಲ್ಲಿಗೆ ಹೋದರು. ಹೆಣ್ಣುಮಕ್ಕಳಾದ ಮಾರ್ತಾ, ಮೇರಿ ಬಿಳಿಯರನ್ನು ಮದುವೆಯಾಗಿ ಫ್ಲಾರಿಡಾದಲ್ಲೇ ಉಳಿದರು.

1843ರ ಸೆಪ್ಟೆಂಬರಿನಲ್ಲಿ ಕಿಂಗ್ಸ್ಲಿ ನ್ಯೂಯಾರ್ಕಿನಲ್ಲಿ ಸತ್ತ. ಉಯಿಲಿನಲ್ಲಿ ಅವನು ಆನಾಳನ್ನು ಹೆಂಡತಿಯೆಂದು ಬರೆದಿದ್ದ. ಮದುವೆ ಪರದೇಶದಲ್ಲಿ, ಅವಳ ಆಫ್ರಿಕನ್ ಪದ್ಧತಿಯಲ್ಲಿ ಆದದ್ದು, ಕ್ರೈಸ್ತ ವಿಧಿಯಿಂದ ಅಲ್ಲ. ಆದರೂ ಅವಳು ನನ್ನ ಹೆಂಡತಿಯೇ ಎಂಬ ಸ್ಪಷ್ಟನೆ. ಆಗ ತಂಗಿ ಮಾರ್ತಾ ಮೆಕ್‌ನೀಲ್ ದಾವೆ ಹೂಡಿದಳು. ಹೈಟಿಯಿಂದ ಫ್ಲಾರಿಡಾಕ್ಕೆ ಹೊರಟ ಜಾರ್ಜ್ ದಾರಿಯಲ್ಲೇ ಕಡಲಿನ ಪಾಲಾದ. ಗಂಡನನ್ನೂ ಹಿರಿಮಗನನ್ನೂ ಕಳೆದುಕೊಂಡ ಐವತ್ತು ದಾಟಿದ ಹೆಂಗಸು, ಸ್ವತಂತ್ರವಾಗಿ ತಲೆಯೆತ್ತಿ ಓಡಾಡಬಹುದಾದ ನಾಡನ್ನು ಬಿಟ್ಟು, ಗುಲಾಮಗಿರಿಯ ನಾಡಿಗೆ ತಾನಾಗಿಯೇ ವಾಪಸು ಬಂದಳು. ಅವಳ ಪರ ನಿಂತ ಆಯುಧ ಯಾವುದು ಗೊತ್ತೇ? ಸ್ಪೇನ್ ಮತ್ತು ಅಮೆರಿಕದ ನಡುವಿನ 1819ರ ಒಪ್ಪಂದ. ಫ್ಲಾರಿಡಾ ಕೈ ಬದಲಾಗುವ ಮೊದಲು ಅಲ್ಲಿದ್ದವರಿಗೆ ಸ್ಪೇನಿನ ಕಾಲದ ಹಕ್ಕುಗಳು ಉಳಿಯುತ್ತವೆ ಎಂಬ ಮಾತು ಅದರಲ್ಲಿತ್ತು. ಕೋರ್ಟು ಅದನ್ನೇ ಎತ್ತಿ ಹಿಡಿಯಿತು. ಮಾರ್ತಾ ಮೆಕ್‌ನೀಲ್ ಸೋತಳು.

ಈಗ ತುಸು ಪಕ್ಕಕ್ಕೆ ತಿರುಗಿ, ಈ ಮಾರ್ತಾ ಮೆಕ್‌ನೀಲ್‌ಳ ಕೊಂಬೆಯನ್ನು ನೋಡೋಣ. ಉತ್ತರ ಕೆರೊಲಿನಾದ ವಿಲ್ಮಿಂಗ್ಟನ್‌ನ ವೈದ್ಯನ ಹೆಂಡತಿ. ಅವಳಿಗೊಬ್ಬಳು ಮಗಳು, ಹೆಸರು ಆನಾ, ಹೌದು, ಇವಳೂ ಆನಾ! ಆ ಮಗಳು ವಿಸ್ಲರ್ ಎಂಬ ರೈಲ್ವೆ ಎಂಜಿನಿಯರನನ್ನು ಮದುವೆಯಾದಳು. ರಷ್ಯಾದಲ್ಲಿ ರೈಲುದಾರಿ ಹಾಕಲು ಹೋದ ಗಂಡ 1849ರಲ್ಲಿ ಅಲ್ಲೇ ತೀರಿಕೊಂಡು ಇವಳೂ ವಿಧವೆಯಾದಳು. ಮಗ ಚಿತ್ರಕಾರ, ಲಂಡನ್‌ನಲ್ಲಿ ವಾಸ. 1871ರಲ್ಲಿ ಅವನು ತಾಯಿಯನ್ನು ಪಕ್ಕಕ್ಕೆ ತಿರುಗಿಸಿ ಕುರ್ಚಿಯಲ್ಲಿ ಕೂರಿಸಿ ಒಂದು ಚಿತ್ರ ಬರೆದ. ಕಪ್ಪು ಗೌನು, ಬಿಳಿ ಟೋಪಿ, ಬೂದು ಗೋಡೆ. ವಿಸ್ಲರನ ತಾಯಿ! ಜಗತ್ತಿನ ಕಾರ್ಟೂನುಗಾರರೆಲ್ಲ ಅಣಕಿಸಿದ, ಅಂಚೆಚೀಟಿಯ ಮೇಲೂ ಬಂದ, ಪ್ಯಾರಿಸ್‌ನ ಒರ್ಸೆ ಮ್ಯೂಸಿಯಂನಲ್ಲಿರುವ ಅದೇ ಚಿತ್ರ. ಒಂದೇ ಸಂಸಾರದ ಇಬ್ಬರು ಆನಾಗಳು, ಇಬ್ಬರೂ ವಿಧವೆಯರು. ಒಬ್ಬಳು ಇನ್ನೊಬ್ಬಳ ಸೋದರಮಾವನ ಹೆಂಡತಿ, ಅಂದರೆ ಅತ್ತೆ. ಒಬ್ಬಳ ಮುಖ ಭೂಗೋಳದ ತುಂಬ ಗೊತ್ತು. ಇನ್ನೊಬ್ಬಳ ಮುಖ ಹೇಗಿತ್ತೆಂದು ಹೇಳಲು ಒಂದು ಖಚಿತ ಚಿತ್ರವೂ ಇಲ್ಲ.

ಆದರೆ ಕೆಳಗಿನ ಕೊಂಬೆಗಳು! ಆ ಒಂದು ತಿಂಗಳ ಕೂಸು ಮೇರಿ ನೆನಪಿದೆಯಲ್ಲ. ಅವಳು ಜಾನ್ ಸ್ಯಾಮಿಸ್ ಎಂಬ ತೋಟಗಾರನ ಹೆಂಡತಿಯಾದಳು. ಆನಾ ಕೂಡ 1847ರಲ್ಲಿ ಹೆಣ್ಣುಮಕ್ಕಳ ಹತ್ತಿರದಲ್ಲೇ, ಸೇಂಟ್ ಜಾನ್ಸ್ ನದಿಯ ದಂಡೆಯಲ್ಲಿ ಚೆಸ್ಟರ್‌ಫೀಲ್ಡ್ ಎಂಬ 22 ಎಕರೆಯ ಜಮೀನು ಕೊಂಡು ನೆಲೆಸಿದಳು. ಅಂತರ್ಯುದ್ಧ ಬಂದಾಗ ಸ್ಯಾಮಿಸ್ ಉತ್ತರದ ಪಕ್ಷ ಹಿಡಿದ. ಕುಟುಂಬ 1862ರಲ್ಲಿ ನ್ಯೂಯಾರ್ಕಿಗೆ ಓಡಿ, ಯುದ್ಧ ಮುಗಿದ ಮೇಲೆ ಹಿಂತಿರುಗಿತು. ಆಸ್ತಿ ಕರಗಿತ್ತು. 1870ರಲ್ಲಿ ಆನಾ ತೀರಿಕೊಂಡಳು. ಸಮಾಧಿಯ ಮೇಲೆ ಹೆಸರಿಲ್ಲ.

ಹದಿನಾಲ್ಕು ವರ್ಷ ಕಳೆದು, 1884ರಲ್ಲಿ, ಆನಾಳ ಮರಿಮೊಮ್ಮಗಳು ಮೇರಿ ಸ್ಯಾಮಿಸ್, ಸಾಮಿಲ್ಲಿನಲ್ಲಿ ಕೂಲಿಗೆ ಸೇರಿ ಮೇಲೆ ಬಂದ ಒಬ್ಬ ಕಪ್ಪು ಯುವಕನನ್ನು ಮದುವೆಯಾದಳು. ಅವನ ಹೆಸರು ಅಬ್ರಹಾಂ ಲಿಂಕನ್ ಲೂಯಿಸ್. 1865ರಲ್ಲಿ ಹುಟ್ಟಿದವನಿಗೆ ಇನ್ಯಾವ ಹೆಸರಿಡುತ್ತಾರೆ! 1901ರಲ್ಲಿ ಗೆಳೆಯರ ಜೊತೆ ಸೇರಿ, ಬಿಳಿಯರ ಕಂಪನಿಗಳು ಹತ್ತಿರ ಸೇರಿಸದ ಜನರಿಗಾಗಿ ಒಂದು ವಿಮಾ ಸಂಸ್ಥೆ ಶುರುಮಾಡಿದ. ಅದೇ ಆಫ್ರೊ ಅಮೆರಿಕನ್ ಲೈಫ್ ಇನ್ಶೂರೆನ್ಸ್ ಕಂಪನಿಯಾಗಿ ಬೆಳೆಯಿತು. ಲೂಯಿಸ್ ಫ್ಲಾರಿಡಾದ ಮೊದಲ ಕಪ್ಪು ಲಕ್ಷಾಧೀಶ್ವರ, ಅಲ್ಲಿನ ಲೆಕ್ಕದಲ್ಲಿ ಮಿಲಿಯನೇರ್. ಆಗ ಕಡಲ ತೀರಗಳಲ್ಲೂ ಕಪ್ಪು ಜನರಿಗೆ ಪ್ರವೇಶವಿರಲಿಲ್ಲ, ಅಲೆಗಳಿಗೂ ಬಣ್ಣಭೇದ. 1935ರಲ್ಲಿ ಅವನ ಕಂಪನಿ ಅಮೀಲಿಯಾ ದ್ವೀಪದಲ್ಲಿ ತೀರದ ಒಂದು ತುಂಡನ್ನು ಕೊಂಡು ಅಮೆರಿಕನ್ ಬೀಚ್ ಎಂದು ಹೆಸರಿಟ್ಟು ಬಾಗಿಲು ತೆರೆಯಿತು. ಆನಾ ಆಳಿದ ಫೋರ್ಟ್ ಜಾರ್ಜ್ ದ್ವೀಪದಿಂದ ಅದು ಕರಾವಳಿಯಗುಂಟ ಸ್ವಲ್ಪವೇ ಉತ್ತರಕ್ಕಿದೆ!

ಲೂಯಿಸ್‌ನ ಮರಿಮೊಮ್ಮಕ್ಕಳಲ್ಲಿ ಇಬ್ಬರು ಅಕ್ಕತಂಗಿಯರು. ಅಕ್ಕ ಮಾವೀನ್ ಬೆಟ್ಶ್, ಅಮೆರಿಕನ್ ಬೀಚ್ ತೆರೆದ ವರ್ಷವೇ ಹುಟ್ಟಿದವಳು. ಓಬರ್ಲಿನ್‌ನಲ್ಲಿ ಸಂಗೀತ ಕಲಿತು ಜರ್ಮನಿಯ ಆಪೆರಾ ರಂಗಗಳಲ್ಲಿ ಹಾಡಿದಳು. ಮರಳಿ ಬಂದು, ಬಂದ ಆಸ್ತಿಯನ್ನೆಲ್ಲ ಪರಿಸರ ಕಾರ್ಯಕ್ಕೆ ಧಾರೆಯೆರೆದು, ಮುತ್ತಜ್ಜನ ಕಡಲತೀರಕ್ಕೆ ಕಾವಲು ಕುಳಿತಳು. ಜಡೆ ಏಳಡಿ ಮೀರಿ ಬೆಳೆಯಿತು. ಅಧ್ಯಕ್ಷ ರೇಗನ್‌ನ ಪರಿಸರ ನೀತಿಯ ಮೇಲಿನ ಸಿಟ್ಟಿಗೆ ತನ್ನ ಹೆಸರಿನಲ್ಲಿದ್ದ ‘ಆರ್’ ಅಕ್ಷರವನ್ನೇ ಕಿತ್ತೊಗೆದವಳು. ಜನ ಅವಳನ್ನು ಕರೆದದ್ದು ಬೀಚ್ ಲೇಡಿ ಎಂದು. ರೆಸಾರ್ಟುಗಳು ನುಂಗಲು ಬಂದಿದ್ದ ಅಲ್ಲಿನ ದೊಡ್ಡ ಮರಳುದಿಬ್ಬ 2004ರಲ್ಲಿ ಸಂರಕ್ಷಿತ ಪ್ರದೇಶಕ್ಕೆ ಸೇರಿತು. ಮರುವರ್ಷ ಅವಳು ತೀರಿಕೊಂಡಳು. ತಂಗಿ ಜಾನೆಟಾ ಕೋಲ್ ಮಾನವಶಾಸ್ತ್ರಜ್ಞೆ. 1987ರಲ್ಲಿ ಅಟ್ಲಾಂಟಾದ ಸ್ಪೆಲ್ಮನ್ ಕಾಲೇಜಿನ ಅಧ್ಯಕ್ಷೆಯಾದಳು. ಕಪ್ಪು ಹೆಣ್ಣುಮಕ್ಕಳ ಆ ಪ್ರಸಿದ್ಧ ಕಾಲೇಜಿಗೆ ಮೊತ್ತಮೊದಲ ಕಪ್ಪು ಅಧ್ಯಕ್ಷೆ. ಆಮೇಲೆ ವಾಷಿಂಗ್ಟನ್‌ನ ರಾಷ್ಟ್ರೀಯ ಆಫ್ರಿಕನ್ ಕಲಾ ಮ್ಯೂಸಿಯಂ ನಿರ್ದೇಶಕಿಯಾಗಿದ್ದಳು. ಇತ್ತ ಪ್ವೆರ್ಟೊ ಪ್ಲಾಟಾ ಕಡೆ ಗಂಡುಮಕ್ಕಳ ಸಂತತಿ ಸ್ಪ್ಯಾನಿಷ್ ಮಾತಾಡುತ್ತಾ ಕಿಂಗ್ಸ್ಲಿ ಹೆಸರನ್ನು ಹೊತ್ತು ಮುಂದುವರಿದಿದೆ.

ಇಷ್ಟೆಲ್ಲ ಹೇಗೆ ಸಿಕ್ಕಿತು ಎಂದು ತಿರುಗಿ ನೋಡಿದಾಗ ಒಂದು ಸಂಗತಿ ಕಣ್ಣಿಗೆ ಹೊಡೆಯುತ್ತದೆ. ಬಿಡುಗಡೆ ಪತ್ರ, ಜಮೀನಿನ ಅರ್ಜಿ, ಕಮಾಂಡರನ ವರದಿ, ಇನಾಮು, ಉಯಿಲು, ದಾವೆ, ಕ್ರಯ, ಎಲ್ಲವೂ ಒಡೆತನದ ಕಾಗದಗಳು. ಮೊದಲನೆಯದರಲ್ಲಿ ಅವಳು ಸ್ವತ್ತು, ಉಳಿದವುಗಳಲ್ಲಿ ಒಡತಿ. ಗೆರೆಯ ಆಚೆ ದಾಟಿದ್ದರಿಂದಲೇ ಅವಳ ಮರ ಇಷ್ಟು ಕೊಂಬೆ ಚಾಚಿ ನಮಗೆ ಕಾಣುತ್ತಿದೆ. ಅಮೆರಿಕದ 1850 ಮತ್ತು 1860ರ ಜನಗಣತಿಯಲ್ಲಿ ಗುಲಾಮರಿಗಾಗಿ ಬೇರೆಯೇ ಪಟ್ಟಿಗಳಿದ್ದವು. ಒಡೆಯರ ಹೆಸರು, ಅದರ ಕೆಳಗೆ ವಯಸ್ಸು, ಲಿಂಗ, ಬಣ್ಣ. ಹೆಸರಿನ ಕಲಮೇ ಇಲ್ಲ. ದೇಶದ ಎಲ್ಲ ಕಪ್ಪು ಜನರ ಹೆಸರನ್ನೂ ಬರೆದುಕೊಂಡ ಮೊದಲ ಜನಗಣತಿ 1870ರದ್ದು, ಆನಾ ಸತ್ತ ವರ್ಷದ್ದು! ಪೂರ್ವಿಕರನ್ನು ಹುಡುಕುವ ಆಫ್ರಿಕನ್ ಅಮೆರಿಕನ್ ಕುಟುಂಬಗಳು ಬಹುಪಾಲು ಆ ಇಸವಿಗೆ ಬಂದು ಗೋಡೆಗೆ ಹಾಯ್ದಂತೆ ನಿಲ್ಲುತ್ತವೆ.

ಆ ಗೋಡೆಯ ಹಿಂದಿನವರಿಗಾಗಿ ಫೋರ್ಟ್ ಜಾರ್ಜ್ ದ್ವೀಪದ ನೆಲವನ್ನೇ ಓದಿದ್ದಾರೆ. 1968ರಲ್ಲಿ ಪುರಾತತ್ತ್ವಜ್ಞ ಚಾರ್ಲ್ಸ್ ಫೇರ್‌ಬ್ಯಾಂಕ್ಸ್ ಇಲ್ಲಿನ ಗುಡಿಸಲು ಅಗೆದದ್ದು, ಗುಲಾಮರ ಬದುಕನ್ನೇ ಹುಡುಕಿ ಅಮೆರಿಕದಲ್ಲಿ ನಡೆದ ಮೊಟ್ಟಮೊದಲ ಉತ್ಖನನಗಳಲ್ಲಿ ಒಂದು. 2006ರಿಂದ ಜೇಮ್ಸ್ ಡೇವಿಡ್‌ಸನ್ ತಂಡ ಮತ್ತೆ ಅಗೆಯಿತು. ಒಂದು ಗುಡಿಸಲಿನ ನೆಲದಡಿ ಇಡಿಯಾಗಿ ಹೂತ ಕೋಳಿ ಸಿಕ್ಕಿತು, ಜೊತೆಗೊಂದು ಮೊಟ್ಟೆ. ಆಫ್ರಿಕದ ಯಾವುದೋ ಶಾಂತಿ, ಹರಕೆ. ಎಲ್ಲಿವೆಯೆಂದು ಮರೆತೇ ಹೋಗಿದ್ದ ಆರು ಸಮಾಧಿಗಳೂ ಸಿಕ್ಕವು.

ಮತ್ತೆ ಅದೇ ಒಡೆತನದ ಕಾಗದಗಳು, ಈ ಬಾರಿ ತಲೆಕೆಳಗಾಗಿ ಓದಲು. ಕಿಂಗ್ಸ್ಲಿ ಸತ್ತ ಮೇಲೆ 1844ರಲ್ಲಿ ಅವನ ತೋಟಗಳ ಆಸ್ತಿಪಟ್ಟಿ ಮಾಡಿದರು. ಪ್ರತಿ ಗುಲಾಮನ ಎದುರು ಒಂದು ಬೆಲೆ. ಬೆಲೆ ಕಟ್ಟಬೇಕಾದ್ದರಿಂದ ಹೆಸರನ್ನೂ ಬರೆದರು. ಜನಗಣತಿಯವರು ಬಿಟ್ಟ ಹೆಸರುಗಳು ಅಲ್ಲಿವೆ. ಆ ಪಟ್ಟಿಯನ್ನು ಒಂದು ಕೈಯಲ್ಲಿ, 1870ರ ಜನಗಣತಿಯನ್ನು ಇನ್ನೊಂದು ಕೈಯಲ್ಲಿ ಇಟ್ಟುಕೊಂಡು, ಇಪ್ಪತ್ತಾರು ವರ್ಷ ಕೂಡಿಸಿ, ವಯಸ್ಸು ಹೊಂದುತ್ತದೆಯೇ, ಹೆಸರು ಹೊಂದುತ್ತದೆಯೇ, ಊರು ಹೊಂದುತ್ತದೆಯೇ ಎಂದು ಒಂದೊಂದೇ ಸಾಲು ಒತ್ತಟ್ಟಿಗೆ ಇಟ್ಟು ನೋಡಬೇಕು. ಗುಲಾಮರ ಪೂರ್ವಿಕರನ್ನು ಅರಸುವವರ ಕೆಲಸ ಇದೇ. ಒಂದು ಸಾಲು ಹೊಂದಿದರೆ ಒಂದು ಕುಟುಂಬಕ್ಕೆ ಒಬ್ಬ ಮುತ್ತಜ್ಜಿ ಸಿಗುತ್ತಾಳೆ, ಅವಳ ಹೆಸರಿನ ಪಕ್ಕದಲ್ಲಿ ಡಾಲರುಗಳಲ್ಲಿ ಅವಳ ಬೆಲೆಯೂ.